ಉಬ್ಬರದ ಹುಡುಗಿ, ಕಂತು ಕಂತಾಗಿ

ಜೂನ್ 20, 1993. ಭಾನುವಾರ

ಲೈಬ್ರರಿಯ ‘ಸುರಂಗದ ಬಾಯಿ’ ಮುಗಿಯಿತು. ಕೊಲೆಗಾರ ಮತ್ತೆ ಅವನೇ, ಎಲ್ಲರಿಗೂ ಪೆಪ್ಪರಮೆಂಟು ಹಂಚುವ ಒಳ್ಳೆಯ ಮಾಮ. ಅರ್ಧ ಪುಸ್ತಕದಲ್ಲೇ ಹೇಳಿದ್ದೆ. ಗೆಳತಿ ಮಿತುಲ್ ಒಪ್ಪಿರಲಿಲ್ಲ. ಪಂಥ ಸೋತಳು, ನಾಳೆ ಆಲೂ ಚಾಪ್ ಅವಳ ಖರ್ಚು. ಇನ್ನು ಮೇಲೆ ಕಥೆಯಲ್ಲಿ ಯಾರಾದರೂ ಕಾರಣವಿಲ್ಲದೆ ಒಳ್ಳೆಯವರಾಗಿದ್ದರೆ ಮೊದಲು ಅವರನ್ನೇ ಹಿಡಿಯುವುದು.

‘ಜೋನಾಕಿ’ ಪತ್ರಿಕೆ ಬಂತು. ಹೊಸ ಧಾರಾವಾಹಿ ಶುರು — ‘ಉಬ್ಬರದ ಹುಡುಗಿ’. ಬರೆದವರು ಮಂದಿರಾ ಲಾಹಾ. ಕೇಳದ ಹೆಸರು. ಹಳೇ ಮನೆಗೆ ಬಾಡಿಗೆಗೆ ಬಂದ ಹುಡುಗಿಗೆ ಮಧ್ಯಾಹ್ನ ತಾರಸಿಯಲ್ಲಿ ಯಾರೋ ಒದ್ದೆ ಕೂದಲು ಹಿಂಡುವ ಸದ್ದು. ಹತ್ತಿ ನೋಡಿದರೆ ಯಾರೂ ಇಲ್ಲ. ನೆಲ ಮಾತ್ರ ಒದ್ದೆ. ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದಾರೆ, ಪಾಪಿಗಳು.

ಸಂಜೆ ನನ್ನ ಅಜ್ಜಿ ಠಾಮ್ಮಾಗೆ ಓದಿ ಹೇಳಿದೆ. ಅವಳ ಒಂದು ಕಣ್ಣು ಆಪರೇಶನ್‌ನಲ್ಲಿ ಹೋಯಿತು, ಇನ್ನೊಂದರಲ್ಲಿ ಬರೀ ಮಂಜು. ಹಾಗಾಗಿ ನನ್ನ ಪುಸ್ತಕಗಳೆಲ್ಲ ಅವಳವೂ ಹೌದು. ಮುರಿ, ಅದೇ ಮಂಡಕ್ಕಿ, ಮೆಲ್ಲುತ್ತಾ, “ಕೂದ್ಲು ಹಿಂಡಿದ್ರೆ ದೆವ್ವ ಆಗ್ಬಿಡುತ್ತಾ? ನಾವೆಲ್ಲ ದಿನಾ ಹಿಂಡ್ತಿದ್ವಿ” ಅಂದಳು.

ಜುಲೈ 5. ಸಂಜೆ

ಎರಡನೇ ಕಂತು. ಭಯ ಎಂದರೆ ಇದು. ಕತ್ತಲೆ, ಚಾಕು, ಬೆಕ್ಕು, ಏನೂ ಇಲ್ಲ. ಸುಡುವ ಮಧ್ಯಾಹ್ನ, ಒಬ್ಬ ಹುಡುಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಓದುತ್ತಿದ್ದಾಳೆ, ಅಷ್ಟೇ. ಆದರೂ ಬೆನ್ನು ತಣ್ಣಗಾಗುತ್ತದೆ, ಏಕೆಂದರೆ ಅವಳು ಸತ್ತಿದ್ದಾಳೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೆಸರು ರಿನಿ. ಹಿಂದೆ ಆ ಮನೆಯಲ್ಲಿದ್ದವಳು.

ಮನೆ ನಮ್ಮದರ ಹಾಗೇ ಇದೆ. ಹಸಿರು ಗಾಜಿನ ಕಿಟಕಿ, ಗೋಡೆ ಬಿರುಕಿನಲ್ಲಿ ಹುಟ್ಟಿದ ಸೀಬೆ ಗಿಡ, ತಾರಸಿಯಿಂದ ಗಂಗೆ. ಮಿತುಲ್ ಹೇಳಿದಳು, “ಚಂದನನಗರದಲ್ಲಿ ನದಿ ಕಡೆ ಮುಖ ಮಾಡಿರೋ ಮನೆಗಳೆಲ್ಲ ಹಾಗೇ ಕಣೇ. ನಿನ್ನದೇನು ರಾಜರ ಅರಮನೆಯಾ?” ನಿಜ.

ಠಾಮ್ಮಾಗೆ ಓದುವಾಗ ಒಂದು ಕಡೆ ತಡೆದಳು.

“ಹುಣಸೆಹಣ್ಣು ಎಲ್ಲಿ ಬಚ್ಚಿಡ್ತಾಳೆ ಅಂದೆ?”

“ಜಾಮಿಟ್ರಿ ಬಾಕ್ಸಲ್ಲಿ. ಉಪ್ಪು ಹಚ್ಚಿ.”

“ಮತ್ತೊಂದ್ಸಲ ಓದು.”

ಓದಿದೆ. ಫ್ಯಾನ್ ನಿಲ್ಲಿಸು ಎಂದಳು, ಸದ್ದು ಅಂತೆ. ಮುರಿ ಬಟ್ಟಲು ಹಾಗೇ ಉಳಿಯಿತು. ಮೆತ್ತಗಾದ ಮುರಿ ನಾನೇ ತಿಂದೆ.

ಜುಲೈ 9

ತಾರಸಿಗೆ ಬಟ್ಟೆ ತರಲು ಹೋಗಬೇಕಿತ್ತು. ಟ್ಯಾಂಕಿನ ಹಿಂದೆ ನೋಡಲಿಲ್ಲ. ನೋಡಬಾರದು ಎಂದು ಯಾಕೆ ಅನ್ನಿಸಿತೋ. ಯಾರೋ ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಿರುವ ಹಾಗೆ ಆಗುತ್ತದೆ ಈಗೀಗ — ಪುಟ ತಿರುಗಿಸುವ ಮುಂಚೆ ಒಂದು ಕ್ಷಣ ಕಾಯುತ್ತೇನೆ. ಅವರದ್ದೂ ಮುಗಿಯಲಿ ಅಂತ.

ಮಿತುಲ್‌ಗೆ ಹೇಳಿದ್ದು ತಪ್ಪಾಯಿತು. ಕ್ಲಾಸಿನಲ್ಲಿ ಹಿಂದಿನಿಂದ ಬಂದು ನನ್ನ ಜಡೆ ಹಿಂಡಿದಳು.

ಜುಲೈ 20. ಮಂಗಳವಾರ

ಮೂರನೇ ಕಂತು ಪೂರ್ತಿ ಓದಲಾಗಲಿಲ್ಲ.

ರಿನಿಯನ್ನು ನೋಡಲು ಗಂಡಿನವರು ಬಂದರು, ಒಪ್ಪಿದರು. ರಿನಿ ಒಲ್ಲೆ ಎಂದಳು, ಓದಬೇಕು ಎಂದಳು. ಅವಳ ಅಣ್ಣ ಪುಸ್ತಕಗಳನ್ನೆಲ್ಲ ಅಂಗಳಕ್ಕೆ ತಂದು, ಒಂದೊಂದನ್ನೇ ಬೆನ್ನು ಮುರಿದು ಹರಿದ. ಹರಿಯುವಾಗ ಅಳುತ್ತಿದ್ದ — ಆ ಮಾತು ನನಗೆ ಬಹಳ ಹಿಡಿಸಿತು. ಕೆಟ್ಟವರು ಅಳುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅದನ್ನೇ ದೊಡ್ಡದಾಗಿ ಓದುತ್ತಿದ್ದೆ. ಬಾಬಾ ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತಿದ್ದು ಗೊತ್ತಾಗಲಿಲ್ಲ.

“ಏನದು?”

“ಧಾರಾವಾಹಿ.”

“ಯಾರು ಬರೆದಿದ್ದು?”

ಹೆಸರು ಹೇಳಿದೆ. ಪತ್ರಿಕೆ ನನ್ನ ಕೈಯಿಂದ ತೆಗೆದುಕೊಂಡರು. ಕಿತ್ತುಕೊಳ್ಳಲಿಲ್ಲ. ಮೆಲ್ಲಗೆ. ಆ ಪುಟ ನೋಡುತ್ತಾ ನಿಂತರು. ಚಪ್ಪಲಿ ಬಿಟ್ಟಿರಲಿಲ್ಲ.

“ಇನ್ಮೇಲೆ ಇದು ಮನೆಗೆ ಬೇಡ. ಅಮ್ಮಂಗೆ ಇಂಥದ್ದೆಲ್ಲ ಓದಿ ಹೇಳ್ಬೇಡ, ವಯಸ್ಸಾಗಿದೆ.”

ಠಾಮ್ಮಾ ಗೋಡೆಯ ಕಡೆ ತಿರುಗಿ ಮಲಗಿದಳು.

ಜುಲೈ 22

ಮಹಡಿಯ ಮೆಟ್ಟಿಲ ಬಳಿ ಒಂದು ಫೋಟೋ ಇದೆ. ಬಾಬಾನ ತಂಗಿ, ನನ್ನ ಅತ್ತೆ ಬುಲಿ ಪಿಸಿ. ನಾನು ಹುಟ್ಟುವ ಮುಂಚೆ ಟೈಫಾಯ್ಡಿನಲ್ಲಿ ತೀರಿಕೊಂಡಳು. ದಿನಾ ದಾಟಿ ಹೋಗುತ್ತೇನೆ. ಇವತ್ತು ನಿಂತೆ. ಜಡೆಯನ್ನು ಮುಂದಕ್ಕೆ ಹಾಕಿಕೊಂಡಿದ್ದಾಳೆ. ಜಡೆಯ ತುದಿ ಕಚ್ಚಿ ಕಚ್ಚಿ ಒರಟಾಗಿದೆ.

ರಿನಿಯೂ ಓದುವಾಗ ಜಡೆ ಕಚ್ಚುತ್ತಾಳೆ. ಎರಡನೇ ಕಂತಿನಲ್ಲಿದೆ.

ಅಡುಗೆಮನೆಗೆ ಹೋಗಿ ಮಾ ಹತ್ತಿರ ಕೇಳಿದೆ. ಮೀನಿಗೆ ಅರಿಸಿನ ಹಚ್ಚುತ್ತಿದ್ದಳು. “ನಾನು ಮದುವೆಯಾಗಿ ಈ ಮನೆಗೆ ಬಂದಾಗ ಆ ಫೋಟೋಗೆ ಆಗ್ಲೇ ಹಾರ ಬಿದ್ದಿತ್ತು. ಟೈಫಾಯ್ಡ್ ಅಂದ್ರು. ನಾನು ಕೇಳ್ಲಿಲ್ಲ, ನೀನೂ ಕೇಳ್ಬೇಡ.”

ನನಗೆ ಏನು ಅನ್ನಿಸುತ್ತಿದೆಯೆಂದು ಬರೆಯಲು ಬರುತ್ತಿಲ್ಲ. ಹೆದರುವುದು ನನಗೆ ಇಷ್ಟ. ಐದನೇ ತಾರೀಕು, ಇಪ್ಪತ್ತನೇ ತಾರೀಕು ಎಂದು ಕಾದು ಕಾದು ಹೆದರಿದೆ, ಚಪ್ಪರಿಸಿಕೊಂಡು ಹೆದರಿದೆ. ಅದು ಬುಲಿ ಪಿಸಿಯಾ? ಅಳುತ್ತಾ ಪುಸ್ತಕ ಹರಿದವರು…

ಬಾಬಾ ಊಟಕ್ಕೆ ಕರೆಯುತ್ತಿದ್ದಾರೆ.

ಆಗಸ್ಟ್ 6. ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಬೇರೆ ಪುಸ್ತಕ ಓದಲು ಕೂತರೂ ಆಗಲಿಲ್ಲ. ಪತ್ತೇದಾರ ಸುಳಿವು ಎತ್ತಿಕೊಂಡ ಕೂಡಲೇ ಮುಚ್ಚಿಡುತ್ತೇನೆ. ಆ ಸುಳಿವು ಯಾರ ಮನೆಯದೋ.

ಇವತ್ತು ಠಾಮ್ಮಾನೇ ಕರೆದಳು. “ದಿದಿಭಾಯಿ, ಐದನೇ ತಾರೀಕು ಹೋಯ್ತಲ್ಲ. ಸಂಚಿಕೆ ಬಂತಾ?”

“ಬಾಬಾ ಬೇಡ ಅಂದಿದ್ದಾರೆ.”

“ಅವನು ನನ್ನ ಮಗ. ನಾನು ಅವನ ಮಗಳಲ್ಲ. ಮಿತುಲ್ ಮನೆಯಿಂದ ತಗೊಂಡ್ ಬಾ.”

ತಂದೆ. ಬಾಗಿಲು ಹಾಕಿಕೊಂಡು ಓದಿದೆ. ಈ ಕಂತಿನಲ್ಲಿ ರಿನಿಯ ಗೆಳತಿ ಆಚೆ ದಡದ ಘಾಟಿನಲ್ಲಿ ಕಾಯುತ್ತಾಳೆ. ಇಬ್ಬರೂ ಸೇರಿ ಕಲ್ಕತ್ತಕ್ಕೆ ಹೋಗಿ ನರ್ಸಿಂಗ್ ಸೇರುವುದೆಂದು ಮಾತಾಗಿದೆ. ಗೆಳತಿ ಹಿಂದಿನ ದಿನವೇ ಜಗದ್ದಳದ ಅತ್ತೆ ಮನೆಗೆ ಹೋಗಿದ್ದಾಳೆ. ರಿನಿ ದೋಣಿಯಲ್ಲಿ ಬರಬೇಕು. ಇತ್ತ ಅಮ್ಮ ಅವಳ ಕೋಣೆಗೆ ಬೀಗ ಹಾಕಿ ಸ್ನಾನಕ್ಕೆ ಹೋಗುತ್ತಾಳೆ. ನದಿಯಲ್ಲಿ ಉಬ್ಬರ ಏರುತ್ತಿದೆ—

“ಬೀಗ ಹಾಕಿರಲಿಲ್ಲ.”

ನಾನು ಪುಟದಿಂದ ತಲೆಯೆತ್ತಿದೆ. ಹೇಳಿದ್ದು ಠಾಮ್ಮಾ.

“ಬೀಗ ಹಾಕಿರಲಿಲ್ಲ ನಾನು. ಎಲ್ರೂ ಹಾಕು ಅಂದ್ರು. ನಿನ್ನ ತಾತ ಬೀಗ ತಂದು ಕೈಗೆ ಕೊಟ್ರು. ನನ್ನಿಂದ ಆಗ್ಲಿಲ್ಲ. ಚಿಲಕ ಕೂಡ ಹಾಕ್ಲಿಲ್ಲ. ಹಾಕಿದ್ರೆ ಇರ್ತಿದ್ಳು.” ನನ್ನ ಕಡೆ ತಿರುಗಿ, “ಆಚೆ ದಡದಲ್ಲಿ ಗೆಳತಿ ಕಾಯ್ತಿದ್ಳು ಅಂತ ಬರ್ದಿದೆಯಾ? ನಿಜವಾಗ್ಲೂ?”

“ಇದೆ.”

“ನಂಗ್ಯಾರೂ ಹೇಳ್ಲಿಲ್ಲ. ಸಾಯೋಕೆ ಅಂತ ಹೋದ್ಳು ಅಂದ್ಕೊಂಡಿದ್ದೆ. ನನ್ನ ಮೇಲಿನ ಸಿಟ್ಟಿಗೆ.”

ಅವಳ ಮಂಜು ಕಣ್ಣಿನಿಂದಲೂ ನೀರು ಬರುತ್ತದೆ. ಅದು ನನಗೆ ತಿಳಿದಿರಲಿಲ್ಲ.

ಬರೆಯುತ್ತಿರುವುದು ಯಾರೆಂದು ಠಾಮ್ಮಾಗೆ ಎರಡನೇ ಕಂತಿಗೇ ಗೊತ್ತಾಗಿತ್ತಂತೆ. “ಟುಕು, ಬುಲಿ ಗೆಳತಿ. ಮಂದಿರಾ ಅಂತ ಶಾಲೆ ಹೆಸರಿರ್ಬೇಕು. ಹುಣಸೆಹಣ್ಣು ಹಂಚ್ಕೊಂಡು ತಿಂತಿದ್ದೋಳು ಅವಳೊಬ್ಳೇ. ಚುಂಚುಡಾದಲ್ಲಿ ಟೀಚರ್ ಆಗಿದಾಳೆ ಅಂತ ಕೇಳಿದೀನಿ.”

ಆಗಸ್ಟ್ 15

ಶಾಲೆಯಲ್ಲಿ ಧ್ವಜ ಹಾರಿಸಿ ಲಾಡು ತೆಗೆದುಕೊಂಡು ಮಿತುಲ್ ಜೊತೆ ಹಾಗೇ ಚುಂಚುಡಾದ ಬಸ್ಸು ಹತ್ತಿದೆ. ಮನೆಯಲ್ಲಿ ಹೇಳಲಿಲ್ಲ. ಅಲ್ಲಿ ಮಂದಿರಾ ಟೀಚರ್ ಎಂದು ಇಬ್ಬರನ್ನು ಕೇಳಿದ್ದಕ್ಕೇ ಮನೆ ಸಿಕ್ಕಿತು.

ಟುಕು ಪಿಸಿ ದಪ್ಪ ಕನ್ನಡಕದ, ಸಣ್ಣ ಮೈಕಟ್ಟಿನವರು. ಬೆನ್ನ ಮೇಲೆ ಒದ್ದೆ ಕೂದಲು ಹರಡಿಕೊಂಡಿದ್ದರು. ಮಿತುಲ್ ನನ್ನ ಕೈ ಗಟ್ಟಿಯಾಗಿ ಹಿಡಿದಳು. ನಾನು ಯಾರೆಂದು ಹೇಳುವ ಮುಂಚೆಯೇ ಅವರು ಬಾಗಿಲಿಗೆ ಒರಗಿಕೊಂಡರು.

“ಬುಲಿದೇ ಮೂಗು” ಅಂದರು. ಆಮೇಲೆ, “ನಿಮ್ಮ ಮನೇಲಿ ಓದ್ತಿದಾರಾ ಅದನ್ನ?”

“ಠಾಮ್ಮಾಗೆ ನಾನು ಓದಿ ಹೇಳ್ತೀನಿ.”

“ಅಯ್ಯೋ ದೇವರೇ.” ಕುಳಿತುಬಿಟ್ಟರು. “ಮಕ್ಕಳ ಪತ್ರಿಕೆ, ದೊಡ್ಡೋರು ಯಾರು ಓದ್ತಾರೆ ಅಂತ ಕಳಿಸಿದ್ದೆ.”

“ಕೊನೇಲಿ ಏನಾಗುತ್ತೆ?”

ಎಲ್ಲ ಲೇಖಕರನ್ನೂ ನಾನು ಇದೇ ಕೇಳಬೇಕೆಂದುಕೊಳ್ಳುತ್ತಿದ್ದುದು. ಕೇಳಿದ ಮೇಲೆ ನಾಚಿಕೆಯಾಯಿತು.

“ಗೊತ್ತಿಲ್ಲ ಕಣಮ್ಮ. ಕೊನೇ ಕಂತು ಇನ್ನೂ ಬರ್ದಿಲ್ಲ. ಆಫೀಸಿಂದ ದಿನಾ ಕೇಳ್ತಿದಾರೆ. ನಾನು ಆಚೆ ದಡದಲ್ಲಿ ಕಾದೆ, ಅಷ್ಟೇ ನಂಗೆ ಗೊತ್ತಿರೋದು. ಪ್ರತಿ ದೋಣಿನೂ ನೋಡ್ದೆ. ಬರ್ಲಿಲ್ಲ. ಹೆದ್ರಿಕೊಂಡ್ಳು, ಹೇಡಿ, ಅಂತ ಬಯ್ಕೊಂಡೆ. ಅವಳು ನೀರಲ್ಲಿದ್ದಾಗ ನಾನು ಬಯ್ತಾ ಇದ್ದೆ. ವಾಪಸ್ ಬಂದ್ರೆ ಘಾಟಲ್ಲಿ ನದೀಲಿ ಸಿಕ್ಳು ಅಂತಿದ್ರು, ನಿಮ್ಮ ಮನೇಲಿ ಟೈಫಾಯ್ಡ್ ಅಂದ್ರು. ಹಿಂದಿನ ದಿನ ನೆಟ್ಟಗಿದ್ದ ಹುಡುಗಿಗೆ ಟೈಫಾಯ್ಡ್. ಯಾರನ್ನ ಕೇಳ್ಲಿ? ಹೊರಟಳೋ, ಹಾರಿದಳೋ… ಅದೊಂದು ಗೊತ್ತಾಗ್ದೇ ನಂಗೆ ವಯಸ್ಸಾಗ್ಹೋಯ್ತು.”

ಬರುವಾಗ ಬಾಬಾ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. “ಅವಳ ಪುಸ್ತಕಗಳನ್ನ ಅವನೇ ಕಾಲೇಜ್ ಸ್ಟ್ರೀಟಿಂದ ಹೊತ್ಕೊಂಡು ಬಂದು ಕೊಡ್ತಿದ್ದ” ಅಂದರು. ಅದು ಯಾವ ಕಂತಿನಲ್ಲೂ ಇಲ್ಲ.

ಆಗಸ್ಟ್ 16

ಶಾಲೆಗೆ ಹೋಗಲಿಲ್ಲ, ತಲೆನೋವು ಎಂದೆ. ಬಾಬಾ ಹೊರಟ ಮೇಲೆ ಠಾಮ್ಮಾಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ. ನಾನು ಕೇಳಬಾರದ್ದನ್ನು ಕೇಳಿದೆ. ಪಿಸಿ ಎಲ್ಲಿ ಸಿಕ್ಕಿದಳು ಎಂದು.

“ಭದ್ರೇಶ್ವರದ ಹತ್ರ. ಇಟ್ಟಿಗೆ ಗೂಡಿನವ್ರು ನೋಡಿದ್ರು. ಮನೆಗೆ ತಂದ್ಮೇಲೆ ನಾನೇ ಸ್ನಾನ ಮಾಡಿಸ್ದೆ. ಚೀಲ ಹೆಗಲಿಗೆ ಗಂಟು ಹಾಕ್ಕೊಂಡಿದ್ಳು. ನೆನ್ದು ಬಿಗಿದ್ಹೋಗಿತ್ತು, ಹಲ್ಲಿಂದ ಬಿಚ್ದೆ.”

“ಏನಿತ್ತು ಅದ್ರಲ್ಲಿ?”

“ಏನಿರುತ್ತೆ. ಎರಡು ಸೀರೆ. ಮಾರ್ಕ್ಸ್ ಕಾರ್ಡು, ಮುದ್ದೆಯಾಗಿತ್ತು. ಬಾಚಣಿಗೆ. ಹಲ್ಲುಜ್ಜೋ ಬ್ರಶ್ಶು.”

ಪುಸ್ತಕದಲ್ಲಾದರೆ ಇಲ್ಲಿ ನಾನು ಎದ್ದು ಕುಣಿದು, ಮಿತುಲ್‌ಗೆ ಮೊದಲು ಹೇಳಲು ಓಡುತ್ತಿದ್ದೆ. ಇಲ್ಲಿ ಬಾಯಿ ತೆರೆಯಲು ಭಯ. ಹೇಳಿದರೆ ಅವಳಿಗೆ ಒಳ್ಳೆಯದಾಗುತ್ತದೋ ಕೆಟ್ಟದೋ ಗೊತ್ತಿಲ್ಲ. ಕಥೆಯ ಹುಡುಗಿಯರು ಒಮ್ಮೆಯೂ ಹೀಗೆ ಯೋಚಿಸುವುದಿಲ್ಲ.

ಹೇಳಿದೆ. “ಠಾಮ್ಮಾ. ಸಾಯೋಕೆ ಹೋಗೋರು ಬ್ರಶ್ ತಗೊಂಡು ಹೋಗ್ತಾರಾ?”

ಕೆಳಗೆ ಬೀದಿಯಲ್ಲಿ ಪಾತ್ರೆಯವನು ಕೂಗಿಕೊಂಡು ಹೋದ.

“ಘಾಟಿನ ಮೆಟ್ಟಿಲು ಉಬ್ಬರದಲ್ಲಿ ಎಣ್ಣೆ ಸುರಿದ ಹಾಗಿರುತ್ತೆ” ಅಂದಳು ಕೊನೆಗೆ. “ದೋಣಿ ಬಿಟ್ಟುಬಿಡ್ತಾನೆ ಅಂತ ಓಡಿರ್ತಾಳೆ. ಯಾವಾಗ್ಲೂ ಓಡ್ತಾನೇ ಇರೋಳು.” ಆಮೇಲೆ ಬೇರೆಯೇ ದನಿಯಲ್ಲಿ, “ಹಾಗಾದ್ರೆ ನಮ್ಮನ್ನ ಬಿಟ್ಟು ಹೊರಟಿದ್ಳು.”

ನಾನು ಅದನ್ನು ಯೋಚಿಸಿರಲಿಲ್ಲ.

ಆಗಸ್ಟ್ 21

ನಿನ್ನೆಯ ಸಂಚಿಕೆಯಲ್ಲಿ ಕಂತಿಲ್ಲ. ‘ಅನಿವಾರ್ಯ ಕಾರಣಗಳಿಂದ’ ಎಂದಿದೆ. ಮಿತುಲ್ ಬೇಸರ ಮಾಡಿಕೊಂಡಳು. ನನಗೆ ಆ ಖಾಲಿ ಜಾಗವೇ ಜಾಸ್ತಿ ಹೆದರಿಸಿತು.

ತಾರಸಿಗೆ ಹೋದೆ. ಟ್ಯಾಂಕಿನ ಹಿಂದೆ ನೋಡಿದೆ. ನೆಲ ಒದ್ದೆಯಾಗಿತ್ತು. ಟ್ಯಾಂಕು ಸೋರುತ್ತದೆ, ಗೊತ್ತು. ಆದರೂ ಅಲ್ಲಿ ಕುಳಿತೆ, ಪಕ್ಕಕ್ಕೆ ಸ್ವಲ್ಪ ಜಾಗ ಬಿಟ್ಟು. ಏನೂ ಓದಲಿಲ್ಲ.

ಠಾಮ್ಮಾ ಹೇಳಿ ಬರೆಸಿದ ಕಾಗದ ಅಂಚೆಗೆ ಹಾಕಿ ಬಂದೆ. ಚೀಲದಲ್ಲಿ ಏನಿತ್ತು ಎಂಬುದು, ಮತ್ತೆ ಒಂದು ಸಾಲು — ‘ಟುಕು, ಬರೆದು ಮುಗಿಸು. ಮುಗಿದ ಮೇಲೆ ಮನೆಗೆ ಬಾ.’

ಸೆಪ್ಟೆಂಬರ್ 5. ಭಾನುವಾರ, ಸಂಜೆ

ಟುಕು ಪಿಸಿ ಬಂದಿದ್ದಾರೆ. ಹೊಸ ಸಂಚಿಕೆ ಅವರೇ ತಂದರು. ಬಾಗಿಲು ತೆರೆದದ್ದು ಬಾಬಾ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು, ಯಾರೂ ‘ಬಾ’ ಎನ್ನಲಿಲ್ಲ, ‘ಬರಲಾ’ ಎನ್ನಲಿಲ್ಲ. ಒಳಗಿನಿಂದ ಠಾಮ್ಮಾ ಕರೆದ ಮೇಲೆ ಬಾಬಾ ಪಕ್ಕಕ್ಕೆ ಸರಿದರು.

ಮಾ ಲೂಚಿ ಕರಿದಳು. ಯಾರೂ ಮುಟ್ಟಲಿಲ್ಲ. ನಾನು ಓದಲು ಪತ್ರಿಕೆ ತೆಗೆದುಕೊಂಡೆ. ಠಾಮ್ಮಾ ತಡೆದಳು.

“ನೀನಲ್ಲ ದಿದಿಭಾಯಿ. ಖೋಕಾ ಓದ್ಲಿ.” ಬಾಬಾನನ್ನು ಅವಳು ಈಗಲೂ ಹಾಗೇ ಕರೆಯುವುದು, ಪುಟ್ಟ ಎಂದು.

“ಅಮ್ಮಾ, ನನ್ನಿಂದ ಆಗಲ್ಲ.”

“ನೀನು ತಂದುಕೊಟ್ಟ ಪುಸ್ತಕಾನೇ ಅವಳು ಓದಿದ್ದು. ಕೂತ್ಕೋ. ಓದು.”

ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಬಾಬಾ ಓದುತ್ತಿದ್ದಾರೆ. ಬಾಬಾ ಗಟ್ಟಿಯಾಗಿ ಓದುವುದನ್ನು ಇದೇ ಮೊದಲು ಕೇಳುತ್ತಿರುವುದು. ರಿನಿ ಬಾಗಿಲು ತಳ್ಳಿದಳು, ಬೀಗ ಇರಲಿಲ್ಲ. ಅಂಗಳದಲ್ಲಿ ಹರಿದ ಹಾಳೆಗಳನ್ನು ಅಣ್ಣ ಒಂದೊಂದಾಗಿ ಆರಿಸಿ ಅಂಟಿಸುತ್ತಾ ಕುಳಿತಿದ್ದ. ಅವಳು ಹೋಗುವುದನ್ನು ಅವನು ನೋಡಿದ. ನೋಡಿಯೂ ಕೂಗಲಿಲ್ಲ—

ದನಿ ನಿಂತಿತು.

ಇದು ಟುಕು ಪಿಸಿಯ ಕಲ್ಪನೆಯಾ? ಅವರು ಆಚೆ ದಡದಲ್ಲಿದ್ದರಲ್ಲ. ಅವರಿಗೆ ಹೇಗೆ…

ಟುಕು ಪಿಸಿ ಏನೋ ಮೆಲ್ಲಗೆ ಕೇಳಿದರು. ಪುಟದ ಸದ್ದಿಲ್ಲ. ಆಮೇಲೆ ಠಾಮ್ಮಾ, “ಓದು ಖೋಕಾ. ನಾನಿದೀನಿ.”

ಬಾಬಾ ಮತ್ತೆ ಅದೇ ಸಾಲಿನಿಂದ, ಈ ಸಲ ‘ಅವನು’ ಎಂದಿದ್ದಲ್ಲೆಲ್ಲ ‘ನಾನು’ ಎಂದು ಓದತೊಡಗಿದರು.