ಎರಡು ಚಿಪ್ಪು ಕೆಂಪು ಬಾಳೆಹಣ್ಣು

ಗಾಜಿಪುರ, ಕಲಬುರಗಿ
ಜನವರಿ ೨೦೦೩

ತೀರ್ಥರೂಪ ಅಪ್ಪನವರ ಚರಣಗಳಿಗೆ,

ಬಂಡು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತಲಿನ ಕ್ಷೇಮ ಕೇಳುವ ಹಾಗಿಲ್ಲ. ನೀವು ಹೋಗಿ ಈ ಮಾಘಕ್ಕೆ ನಾಲ್ಕು ವರ್ಷ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕುಳಿತು ಊರವರ ಕಾಗದಗಳಿಗೆಲ್ಲ ಠಸ್ಸೆ ಹೊಡೆದ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಒಂದೇ ಮನೆಯಲ್ಲಿದ್ದವರು ಕಾಗದ ಯಾಕೆ ಬರೆದುಕೊಂಡಾರು ಅನ್ನಬಹುದು. ಆದರೆ ನಾವು ಬಾಯಿಬಿಟ್ಟೂ ಏನೂ ಹೇಳಿಕೊಳ್ಳಲಿಲ್ಲವಲ್ಲ.

ಹೋದ ಭಾನುವಾರ ನಾನು ಹಂದಿ ಮಾಂಸ ತಿಂದೆ. ಬೆಚ್ಚಬೇಡಿ. ಬೆಚ್ಚುವ ಹಕ್ಕು ನಿಮಗಿಲ್ಲ ಎಂಬುದು ನನಗೀಗ ಗೊತ್ತಾಗಿದೆ.

ಕಮಲಾಪುರದಲ್ಲಿ ಬಾಳೆ ತೋಟವಿರುವ ನನ್ನ ಕಾಲೇಜು ಗೆಳೆಯ ಅಣವೀರಪ್ಪ ನೆನಪಿರಬೇಕು. ನಮ್ಮ ಮನೆಗೆ ಬಂದಾಗಲೆಲ್ಲ ಹಣೆತುಂಬ ವಿಭೂತಿ ಹಚ್ಚಿಕೊಂಡು ನಿಮ್ಮೆದುರು ಮಹಾ ಸಂಭಾವಿತನಂತೆ ಕೂರುತ್ತಿದ್ದನಲ್ಲ, ಅವನೇ. ಪುಣೆಯ ದೊಡ್ಡ ಹೋಟೆಲೊಂದರಲ್ಲಿ ಉಂಡು ಬಂದಿದ್ದ. ಅಲ್ಲಿ ಒಂದೇ ಮಾಂಸವನ್ನು ಏಳು ಬಗೆ ಮಾಡಿ, ಒಂದಾದ ಮೇಲೊಂದು, ಎರಡೆರಡೇ ತುತ್ತು ಬಡಿಸುತ್ತಾರಂತೆ. ಅದೇ ರೀತಿಯ ಹಂದಿಯೂಟವನ್ನು ನಾಲ್ವರು ಗೆಳೆಯರಿಗೆ ತನ್ನ ತೋಟದಲ್ಲೇ ಹಾಕುತ್ತೇನೆಂದು ಹಟ ಹಿಡಿದ. ಏಳೂ ಬಗೆಗಳ ಪಟ್ಟಿ ಬರೆದು ಬೇವಿನ ಮರಕ್ಕೆ ಅಂಟಿಸಿದ. ಅಡುಗೆಗೆ ಅದೇ ಊರಿನ ಸೂಗಮ್ಮನನ್ನು ಕರೆಸಿದ್ದ. ಎಪ್ಪತ್ತರ ಹತ್ತಿರದ ಹೆಂಗಸು, ಹಿಂದೆ ಮನೆಯಲ್ಲೇ ಖಾನಾವಳಿ ನಡೆಸಿದವಳು. ಪಟ್ಟಿ ಓದಿಸಿಕೊಂಡು, ಉಣ್ಣುವವರು ನಾಲ್ಕು ಮಂದಿ, ಏಳು ಬೋಗುಣಿ ತಿಕ್ಕುವವರು ಯಾರು ಎಂದು ಕೇಳಿದಳಂತೆ.

ಆ ತೋಟದಲ್ಲಿ ನಾವು ಕಾಲೇಜು ದಿನಗಳಿಂದ ತಿಂದವರೇ. ಆದರೆ ಅದೆಲ್ಲ ಕಳ್ಳರ ಊಟ, ಹಳೆ ಪತ್ರಿಕೆಯ ಮೇಲೆ ಸುರಿದುಕೊಂಡು ನಿಂತೇ ಮುಗಿಸುವುದು. ಈ ಸಲ ಮೊದಲ ಬಾರಿಗೆ ಸಾಲಾಗಿ ಕುಳಿತೆವು, ಮುಂದೆ ಬಾಳೆ ಎಲೆ. ಗರಿಗರಿಯಾಗಿ ಹುರಿದ ತೊಗಲು ಮೊದಲು ಬಂತು. ಎಲೆ ಕಂಡ ಕೈ ಸುಮ್ಮನಿರಲಿಲ್ಲ ಅಪ್ಪಾ. ಮುಂಜಿಯಲ್ಲಿ ನೀವು ಕಲಿಸಿದ ಹಾಗೆ ಅಂಗೈಯಲ್ಲಿ ನೀರು ಹಿಡಿದು ಎಲೆಯ ಸುತ್ತ ಬಿಟ್ಟೆ. ತುಟಿ ಮಂತ್ರವನ್ನೂ ಅಂದಿತು. ಅಣವೀರಪ್ಪ ಬಿದ್ದು ಬಿದ್ದು ನಕ್ಕ. ಸೂಗಮ್ಮ ಮಾತ್ರ ಸೌಟು ಹಿಡಿದು ನಿಂತೇ ಬಿಟ್ಟಳು.

"ಹಿಂಗ ನೀರು ಸುತ್ತಿ ಹಂದಿ ಉಣ್ಣೋರು ಇನ್ನೊಬ್ಬರು ಇದ್ರು ನೋಡ್ರಿ," ಎಂದಳು. "ಗಾಜಿಪುರದವರು, ಪೋಸ್ಟಿನ ಸಾಹೇಬರು. ನಮ್ಮ ಖಾನಾವಳ್ಯಾಗ ಉಂಡು, ಹೋಗಾಗ ಕೆಂಪು ಬಾಳಿಹಣ್ಣು ಒಯ್ತಿದ್ರು."

ಆಮೇಲೆ ಎಲುಬಿನ ಸಾರು ಬಂತು, ಪುಂಡಿಪಲ್ಲೆಯ ಹುಳಿಸೊಪ್ಪು ಹಾಕಿ ಬೇಯಿಸಿದ್ದು ಬಂತು, ಶೇಂಗಾ ಮಸಾಲೆಯದು ಬಂತು. ಯಾವುದರ ರುಚಿಯೂ ನನಗೆ ಹತ್ತಲಿಲ್ಲ.

ತಿಂಗಳಿಗೊಂದು ಭಾನುವಾರ ನೀವು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋಗುತ್ತಿದ್ದಿರಿ. ಅದೇ ಹಣ್ಣು ನಮ್ಮೂರ ಸ್ಟೇಶನ್ ಬಜಾರದಲ್ಲೇ ರಾಶಿ ಬಿದ್ದಿರುತ್ತಿತ್ತು. ತೋಟದ ಹಣ್ಣಿನ ರುಚಿಯೇ ಬೇರೆ ಎನ್ನುತ್ತಿದ್ದಿರಿ. ಸಂಜೆ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಬಂದು, ಬಸ್ಸಿನ ಮೈಲಿಗೆ ಎಂದು ಅಂಗಳದ ನಳದಲ್ಲೇ ಸ್ನಾನ ಮಾಡಿ ಒಳಗೆ ಬರುತ್ತಿದ್ದಿರಿ. ಇಂಥ ಮಡಿವಂತರು ಓಣಿಯಲ್ಲೇ ಇಲ್ಲ ಎಂದು ನಾನು ನಂಬಿದ್ದೆ.

ಎಂಬತ್ತೆಂಟರ ಆ ಭಾನುವಾರ ಮರೆತಿರಲಾರಿರಿ. ಅಣವೀರಪ್ಪನ ತೋಟದಲ್ಲಿ ಉಂಡು, ಮನೆಯಲ್ಲಿ ನೆಪಕ್ಕಿರಲಿ ಎಂದು ನಾನೂ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದೆ. ಮಂಚದ ಮೇಲೆ ನಿಮ್ಮ ಚಿಪ್ಪು ಆಗಲೇ ಕುಳಿತಿತ್ತು. ಅವ್ವ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ದಿನ ಒಂದೇ ಊರಿಗೆ ಹೋದವರು ಕೂಡಿ ಹೋಗಬಾರದಿತ್ತೇ ಎಂದಳು. ನೀವು ನನ್ನ ಮುಖ ನೋಡಿದಿರಿ. ನನ್ನ ಬಾಯಲ್ಲೂ ಎಲೆಅಡಿಕೆ ತುಂಬಿತ್ತು. ಇವತ್ತು ಚರ್ಮ ಸುಲಿಯುತ್ತಾರೆ ಅಂದುಕೊಂಡೆ. ನೀವು ಟವೆಲ್ ಹೆಗಲಿಗೆ ಹಾಕಿಕೊಂಡು ಸಂಧ್ಯಾವಂದನೆಗೆ ಹೋದಿರಿ.

ಮುಂದಿನ ತಿಂಗಳು ಮೊಣಕಾಲು ನೋವು, ಬಸ್ಸು ಹತ್ತಲಾರೆ ಎಂದಿರಿ. "ಇನ್ನ ಮ್ಯಾಲ ಬಾಳಿಹಣ್ಣು ಬಂಡು ತರ್ತಾನ," ಎಂದಿರಿ. ನನಗೋ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಸಂತೋಷ. ಹನ್ನೊಂದು ವರ್ಷ ತಂದೆ.

ಏಳನೆಯ ಬಗೆ ಮುಗಿದ ಮೇಲೆ ಒಲೆಯ ಪಕ್ಕ ಹೋಗಿ ಕುಳಿತು, ನಾನು ಆ ಸಾಹೇಬರ ಮಗ ಎಂದೆ. ನೀವು ಹೋದ ಸುದ್ದಿ ಕೇಳಿ ಸೂಗಮ್ಮ ಕೆಂಡ ಕೆದಕಿದಳು. ಆಮೇಲೆ ಹೇಳಿದಳು. ನೀವು ಕೊನೆಯ ಸಲ ಬಂದಿದ್ದು ಊಟಕ್ಕಲ್ಲವಂತೆ, ಇನ್ನು ಬರುವುದಿಲ್ಲ ಎಂದು ಹೇಳಿ ಹೋಗಲು. ನನ್ನ ಮಗನೂ ಈ ಊರಿಗೇ ಬರುತ್ತಾನೆ, ಎದುರು ಬಿದ್ದರೆ ನಾಚಿ ಸಾಯುತ್ತಾನೆ, ಉಣ್ಣುವ ವಯಸ್ಸು, ಉಣ್ಣಲಿ ಎಂದಿರಂತೆ. ಹೊಸ್ತಿಲ ತನಕ ಹೋದವರು ತಿರುಗಿ ನಿಂತಿರಂತೆ.

"'ಇಬ್ಬರೂ ಒಂದ ಪಂಕ್ತಿಗೆ ಕುಂತು ಉಂಡಿದ್ರ ಚಂದಿತ್ತು ಸೂಗಮ್ಮ, ಆದ್ರ ಹೆಂಗ ಕರೀಲಿ' ಅಂದ್ರುರಿ."

ಕರೆಯಬೇಕಿತ್ತು ಅಪ್ಪಾ. ನಾನಾದರೂ ಕರೆಯಬೇಕಿತ್ತು. ಹನ್ನೊಂದು ವರ್ಷ ದಿನಕ್ಕೆರಡು ಸಲ ಅಕ್ಕಪಕ್ಕ ಕುಳಿತು, ತಮ್ಮತಮ್ಮ ತಟ್ಟೆ ನೋಡಿಕೊಂಡು ಸಾರನ್ನ ಉಂಡೆವು. ನೀವು ಹಾಸಿಗೆ ಹಿಡಿದಾಗ, ಏನು ತಿನ್ನಬೇಕು ಅನಿಸುತ್ತದೆ ಎಂದು ಅವ್ವ ಕೇಳಿದಳು. ನೀವು ನನ್ನ ಕಡೆ ನೋಡಿ, ಏನೂ ಬೇಡ ಎಂದಿರಿ. ನಾನು ಗಂಜಿ ತಂದೆ. ನಿಮ್ಮ ಜೊತೆ ಒಂದೇ ಒಂದು ಸಲ, ಬೇವಿನ ನೆರಳಲ್ಲಿ, ನೀರು ಸುತ್ತಿ ಕೂತು ಉಣ್ಣಬೇಕು ಅನಿಸುತ್ತದೆ.

ಬರುವ ಗುರುವಾರ ನಿಮ್ಮ ತಿಥಿ. ಅವರಿಗೆ ಸೇರುವುದನ್ನೇ ಮಾಡಬೇಕು ಎಂದು ಅವ್ವ ಹಯಗ್ರೀವಕ್ಕೆ ಕಡಲೆಬೇಳೆ ಆರಿಸುತ್ತಿದ್ದಾಳೆ. ನಾನು ಪಕ್ಕದಲ್ಲಿ ಕುಳಿತು ಈ ಕಾಗದ ಬರೆಯುತ್ತಿದ್ದೇನೆ.

ಅಲ್ಲಿ ಪಂಕ್ತಿ ಹಾಕುತ್ತಾರಾದರೆ ನಿಮ್ಮ ಪಕ್ಕದ ಎಲೆ ನನಗಿರಲಿ. ಅವಸರವಿಲ್ಲ, ನನ್ನ ಮಕ್ಕಳು ಇನ್ನೂ ಸಣ್ಣವರು. ಅವರ ತಲೆಯ ಮೇಲೆ ನಿಮ್ಮ ಕೈ ಇರಲಿ. ನಾನು ಬರುವಾಗ ಬಾಳೆಹಣ್ಣು ತರುವುದಿಲ್ಲ.

ನಿಮ್ಮ ಆಶೀರ್ವಾದ ಬೇಡುವ ಮಗ,
ಬಂಡು