ಹಬ್ಬದ ದಿನ ನನ್ನ ಸೊಸೆಯನ್ನು ಮತ್ತೆ ತೋರಿಸಬೇಡಿ

ದೊಡ್ಡ ಟಿವಿ ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ಚುಸೊಕ್ ಸುಗ್ಗಿ ಹಬ್ಬದ ಮಧ್ಯಾಹ್ನ, ಕೊರಿಯಾ ದೇಶಕ್ಕೆ ದೇಶವೇ ಹೊಟ್ಟೆ ತುಂಬ ಉಂಡು ಟಿವಿ ಮುಂದೆ ಕಾಲು ಚಾಚಿ ಕೂತಿರುವ ಹೊತ್ತಿಗೆ, ನೀವು ನನ್ನನ್ನೂ ನನ್ನ ಸೊಸೆಯನ್ನೂ 'ಹಬ್ಬದ ವಿಶೇಷ' ಎಂದು ಮತ್ತೊಮ್ಮೆ ತೋರಿಸಲು ಹೊರಟಿದ್ದೀರಿ. ಜಾಹೀರಾತು ನೋಡಿದೆ. ಅದರಲ್ಲಿ ನಾನು ಬಾಯಿ ತೆರೆದು ಅರಚುತ್ತಿದ್ದೇನೆ, ಅವಳು ತಲೆ ತಗ್ಗಿಸಿ ಅಳುತ್ತಿದ್ದಾಳೆ, ಹಿಂದೆ ಯಾರೋ ಕೊಳಲು ಊದುತ್ತಿದ್ದಾರೆ. ದಯವಿಟ್ಟು ಅದನ್ನು ನಿಲ್ಲಿಸಿ. ನಿಮ್ಮ ಕಚೇರಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. 'ವೀಕ್ಷಕರು ತುಂಬಾ ಮೆಚ್ಚಿಕೊಂಡ ಸಂಚಿಕೆ ಅಜ್ಜಿ, ಹೆಮ್ಮೆ ಪಡಿ' ಎಂದು ಒಬ್ಬ ಹುಡುಗಿ ಪ್ರತಿ ಸಲವೂ ಜೇನಿನಂಥ ದನಿಯಲ್ಲಿ ಹೇಳಿ ಫೋನ್ ಇಡುತ್ತಾಳೆ. ಕೊನೆಗೆ ನಮ್ಮ ಜಿಲ್ಲೆಯ ಪತ್ರಿಕೆಯವರನ್ನು ಕಾಡಿ ಬೇಡಿ, ಇಷ್ಟು ಜಾಗ ಪಡೆದು, ಊರೆಲ್ಲ ಓದುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಜೊಲ್ಲಾ ಸೀಮೆಯ ಒಂದು ಕಡಲತಡಿಯ ಹಳ್ಳಿಯವಳು. ಹೊರದೇಶದ ಸೊಸೆಯಂದಿರಿರುವ ಮನೆಗಳನ್ನು ಹುಡುಕಿಕೊಂಡು ಹೋಗುವ ನಿಮ್ಮ ಕಾರ್ಯಕ್ರಮದಲ್ಲಿ ಕಳೆದ ಚಳಿಗಾಲ ಕಾಣಿಸಿಕೊಂಡ ಹುಲಿ ಅತ್ತೆ ನಾನೇ. ಅಳುಮುಂಜಿ ಎಂದು ನೀವು ತೋರಿಸಿದವಳು ಥೋವಾ, ವಿಯೆಟ್ನಾಮಿನಿಂದ ಬಂದವಳು, ನನ್ನ ಒಬ್ಬನೇ ಮಗನ ಹೆಂಡತಿ. ನಿಮ್ಮ ಕೃಪೆಯಿಂದ ಅವಳ ಕಣ್ಣೀರನ್ನು ದೇಶವೆಲ್ಲ ನೋಡಿದೆ. ಅವಳನ್ನು ಮಾತ್ರ ಯಾರೂ ನೋಡಿಲ್ಲ.

ಥೋವಾ ನಮ್ಮ ಊರಿನ ಮುಖ್ಯಸ್ಥೆ, ಮಾನ್ಯರೇ. ಊರವರೇ ಕೈಯೆತ್ತಿ ಆರಿಸಿದ್ದು. ಬೆಳಗಾಗುತ್ತಲೇ ಊರ ಭವನದ ಮೈಕಿನಲ್ಲಿ ಅವಳ ದನಿ ಕೇಳಬೇಕಿತ್ತು, ಆಮೇಲೆ ನಾವು ಒಲೆ ಹಚ್ಚಬೇಕಿತ್ತು. ದನಿಯೋ, ಗಂಡಸರೂ ಎದ್ದು ಕೂರುವಂಥ ದಪ್ಪ ದನಿ. "ಎಲ್ರಿಗೂ ಶುಭೋದಯ. ಇವತ್ತು ಮಧ್ಯಾಹ್ನ ಜ್ವರದ ಸೂಜಿ ಹಾಕೋಕೆ ಬರ್ತಾರೆ, ತಪ್ಪಿಸ್ಕೋಬೇಡಿ. ಮೇಲ್ಮನೆ ತಾತ, ನಿಮ್ಮ ನಾಯಿ ಮತ್ತೆ ನಮ್ಮ ಈರುಳ್ಳಿ ಪಾತಿಯಲ್ಲಿದೆ. ಕರ್ಕೊಂಡ್ ಹೋಗ್ತೀರೋ, ಇಲ್ಲಾ ಅದನ್ನೂ ನಮ್ಮ ಮನೆಗೇ ದತ್ತು ತಗೊಳ್ಳಲೋ?" ಊರಿಗೆ ಊರೇ ನಗುತ್ತಿತ್ತು, ಮೇಲ್ಮನೆ ತಾತನನ್ನು ಬಿಟ್ಟು. ಇನ್ನೂ ಒಂದು ಹೇಳಿಬಿಡುತ್ತೇನೆ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಊರ ಭವನದಲ್ಲಿ ನಮ್ಮಂಥ ಮುದುಕಿಯರನ್ನೆಲ್ಲ ಕೂರಿಸಿಕೊಂಡು ಕೊರಿಯನ್ ಅಕ್ಷರ ತಿದ್ದಿಸಿದವಳು ಇವಳೇ. ಹೊರಗಿನಿಂದ ಬಂದ ಸೊಸೆ ನನಗೆ ನನ್ನ ಭಾಷೆಯನ್ನು ಓದಲು ಕಲಿಸಿದಳು. ಅವಳಿಗೆ ಮಾತು ಬಾರದು, ಅತ್ತೆಗೆ ಅದೇ ಸಿಟ್ಟು ಎಂದು ನೀವು ಪರದೆಯ ಕೆಳಗೆ ಬರೆಸಿದ ಸುಳ್ಳನ್ನು ನಾನು ಓದಿಕೊಂಡದ್ದು ಆ ಅಕ್ಷರಗಳಿಂದಲೇ.

ಇದೆಲ್ಲ ನಿಮ್ಮವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೈಕಿನ ಮುಂದೆ ಅವಳು ಮಾತಾಡುವುದನ್ನು ಒಂದು ಬೆಳಿಗ್ಗೆ ಪೂರ್ತಿ ಚಿತ್ರೀಕರಿಸಿದರು. ಆಮೇಲೆ ಟೋಪಿ ಹಾಕಿದ್ದ ನಿಮ್ಮ ನಿರ್ದೇಶಕಿ ತುಟಿ ಕಚ್ಚಿಕೊಂಡು, "ಇದು ಚೆನ್ನಾಗಿದೆ ಅಕ್ಕಾ, ಆದ್ರೆ ನೋಡೋರು ನಂಬಲ್ಲ" ಎಂದಳು. ನಿಜವನ್ನು ಜನ ನಂಬುವುದಿಲ್ಲವಂತೆ, ಅದಕ್ಕೆ ಕತ್ತರಿ. ನಂಬುವಂಥದ್ದು ಯಾವುದು? ಸಿಯೋಲಿನಿಂದ ಚೀಲದಲ್ಲಿ ತಂದಿದ್ದ, ವಿಯೆಟ್ನಾಮಿನ ರೈತರು ಹಾಕುವಂಥ ಮೊನಚು ತುದಿಯ ಹುಲ್ಲಿನ ಟೋಪಿ. ಅದನ್ನು ತಲೆಗಿಟ್ಟುಕೊಂಡು ಕೋಸಿನ ಹೊಲದಲ್ಲಿ ನಿಂತು ದೂರ ನೋಡಬೇಕಂತೆ, ತವರು ನೆನಪಾದ ಹಾಗೆ. ಥೋವಾಗೆ ನಗು ತಡೆಯಲಾಗಲಿಲ್ಲ. "ನಮ್ದು ಬಂದರು ಪಟ್ಟಣ ಕಣಮ್ಮ. ನಮ್ಮಪ್ಪ ಹಡಗಿನ ಇಂಜಿನ್ ರಿಪೇರಿ ಮಾಡ್ತಿದ್ದೋರು. ಹೊಲ ಅಂತ ನಾನು ಮೊದ್ಲು ಕಾಲಿಟ್ಟಿದ್ದೇ ಇಲ್ಲಿ, ಅತ್ತೆಮ್ಮನ ಹಿಂದೆ" ಎಂದಳು. ಆದರೂ ಪಾಪ, ದೂರದಿಂದ ಬಂದ ಮಕ್ಕಳು ಬೇಸರ ಮಾಡಿಕೊಳ್ಳಬಾರದೆಂದು ಹಾಕಿಕೊಂಡಳು. ಆ ನಗು ಎಲ್ಲಿ ಹೋಯಿತು ಮಾನ್ಯರೇ? ಟೋಪಿ ಮಾತ್ರ ಉಳಿದಿದೆ.

ಈಗ ನನ್ನ ಬೈಗುಳದ ವಿಷಯಕ್ಕೆ ಬರುತ್ತೇನೆ. ಅದು ಚಳಿಗಾಲಕ್ಕೆ ಕಿಮ್ಚಿ ಹಾಕುವ ದಿನ. ಅಂಗಳದ ತುಂಬ ಉಪ್ಪು ಹಾಕಿದ ಕೋಸು, ಖಾರದ ಕೊಪ್ಪರಿಗೆ, ಸುತ್ತ ಹೆಂಗಸರು. ನಿಮ್ಮ ನಿರ್ದೇಶಕಿ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು ಕೇಳಿದಳು, "ಅಜ್ಜೀ, ನಿಮ್ಮ ಸೊಸೆ ಹೆಂಗೆ?" ನಾನು ಹೇಳಿದೆ, "ಅಯ್ಯೋ, ಅದಕ್ಕೇನು ಬರುತ್ತೆ? ಕೈ ದೊಡ್ಡದು, ಕೆಲಸ ಒರಟು. ಇಷ್ಟು ವರ್ಷ ಆಯ್ತು, ಇನ್ನೂ ಉಪ್ಪು ಹಾಕೋಕೆ ಬರಲ್ಲ ಮೂದೇವಿಗೆ." ಸುತ್ತ ಕೂತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಥೋವಾ ತಲೆಯೆತ್ತದೆ, "ಹೌದು, ಉಪ್ಪು ಅತ್ತೆಮ್ಮ ಹಾಕಿದ್ದ ವರ್ಷ ಮೇಲ್ಮನೆ ನಾಯೀನೂ ಮೂಸ್ಲಿಲ್ಲ" ಎಂದಳು. ಮತ್ತಷ್ಟು ನಗು.

ಮಾನ್ಯರೇ, ನೀವೂ ಇದೇ ಮಣ್ಣಿನವರಲ್ಲವೇ? ಹೊರಗಿನವರೆದುರು ಮನೆಯವರನ್ನು ಹೊಗಳುವವನಿಗೆ ನಮ್ಮಲ್ಲಿ ಅರೆಮರುಳ ಎನ್ನುತ್ತಾರೆ. ನಿಮ್ಮ ತಾಯಿ ನೆಂಟರ ಮುಂದೆ ನಿಮ್ಮನ್ನು 'ಇವನೊಬ್ಬ ದಡ್ಡ, ಹೇಗೆ ಬದುಕುತ್ತಾನೋ' ಎಂದು ಹೇಳದೆ ಇದ್ದಾರೆಯೇ? ಹೇಳುತ್ತಲೇ ನಿಮ್ಮ ತಟ್ಟೆಗೆ ಮೀನಿನ ಹೊಟ್ಟೆಯ ತುಂಡು ಹಾಕಿರುತ್ತಾರೆ. ನನ್ನ ಅತ್ತೆ ನನ್ನನ್ನು ಹೀಗೇ ಬೈದಳು, ನಾನು ಇವಳನ್ನು ಬೈಯುತ್ತೇನೆ. ಸೊಸೆ ನಮ್ಮವಳಾದಳು ಅನ್ನುವುದಕ್ಕೆ ಅದೇ ಗುರುತು. ಪರಕೀಯಳೆಂದುಕೊಂಡಿದ್ದರೆ ನಯವಾಗಿ, 'ಬಹಳ ಒಳ್ಳೆಯ ಹುಡುಗಿ' ಎನ್ನುತ್ತಿದ್ದೆ. ಇದನ್ನು ತಿಳಿಯಲು ಡಿಗ್ರಿ ಬೇಕೇ? ನಿಮ್ಮವರಿಗೆ ತಿಳಿದಿತ್ತು. ತಿಳಿದೇ ನಗುವವರನ್ನೆಲ್ಲ ಕತ್ತರಿಸಿ ಹೊರಗೆಸೆದರು, ಅವಳ ಉತ್ತರವನ್ನು ತೆಗೆದರು, ಖಾರದ ಘಾಟಿಗೆ ಅವಳು ಕಣ್ಣೊರೆಸಿಕೊಂಡದ್ದನ್ನು ನನ್ನ ಮಾತಿನ ಬಾಲಕ್ಕೆ ಅಂಟಿಸಿದರು. ಅಬ್ಬಾ, ಎಂಥ ಕೈಚಳಕ! ಅಷ್ಟೂ ಸಾಲದೆಂದು, "ಮನಸ್ಸು ಬಿಚ್ಚಿ ನಿಮ್ಮ ಭಾಷೆಯಲ್ಲೇ ಹೇಳಿ ಅಕ್ಕಾ" ಎಂದು ಅವಳ ಬಾಯಿಂದ ವಿಯೆಟ್ನಾಮೀ ಮಾತಾಡಿಸಿದರು. ಆಮೇಲೆ ಅದರ ಮೇಲೆ ಸಿಯೋಲಿನ ಯಾವಳೋ ಕಲಾವಿದೆಯ ಸೊರಗಿದ ಕೀರಲು ದನಿ ಕೂರಿಸಿದರು. ಆ ದನಿ ಹೇಳುತ್ತದೆ, 'ಅತ್ತೆ... ನಾನು ತಪ್ಪು ಮಾಡಿದೆ... ಕ್ಷಮಿಸಿ.' ನನ್ನ ಸೊಸೆ ಆ ದಿನ ಹೇಳಿದ್ದು ತನ್ನಪ್ಪನ ಮಂಡಿ ನೋವಿನ ಬಗ್ಗೆ.

ಗುರುವಾರ ನಿಮ್ಮದೇ ವಾಹಿನಿಯಲ್ಲಿ ಇನ್ನೊಂದು ಕಾರ್ಯಕ್ರಮ ಬರುತ್ತದಲ್ಲ, ಅದನ್ನೂ ತಪ್ಪದೆ ನೋಡುತ್ತೇನೆ. ನೀಲಿಕಣ್ಣಿನ ಹುಡುಗರು ಸಿಯೋಲಿನ ಹೋಟೆಲಿನಲ್ಲಿ ಕೂತು ಕಿಮ್ಚಿಯನ್ನು ಬಾಯಿಗಿಟ್ಟು 'ಖಾರ' ಎಂದು ಕೊರಿಯನ್ನಿನಲ್ಲಿ ಹೇಳಿದರೆ ಸಾಕು, ನಿಮ್ಮ ಸ್ಟುಡಿಯೋದಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ಸಾವಿರ ಕೋಸಿಗೆ ಖಾರ ಹಚ್ಚುವ ನನ್ನ ಸೊಸೆ ನಮ್ಮ ಸೀಮೆಯ ಮಾತನ್ನು ನಮಗಿಂತ ಚೆಂದವಾಗಿ ಆಡಿದರೆ ಅದನ್ನು ಯಾರೂ ನಂಬುವುದಿಲ್ಲ! ಬಿಳಿಯ ಗಂಡಸು ಬಂದರೆ ಅತಿಥಿ, ಕಂದು ಹೆಂಗಸು ಬಂದರೆ ಅನಾಥೆ. ಇದನ್ನು ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವೂ ಹೇಳಿಲ್ಲ. ವಾರವಾರವೂ ತೋರಿಸುತ್ತೀರಿ ಅಷ್ಟೇ. ನಿಮ್ಮ ಪರದೆಯಲ್ಲಿ ಹೊರದೇಶದ ಸೊಸೆ ಅಳುತ್ತಾಳೆ, ಇಲ್ಲವೇ ಓಡಿಹೋಗುತ್ತಾಳೆ. ಅತ್ತೆ ಅರಚುತ್ತಾಳೆ. ಗಂಡ ಬಾಯಿಗೆ ಬೀಗ ಹಾಕಿಕೊಂಡು ಅನ್ನ ನುಂಗುತ್ತಾನೆ. ನನ್ನ ಮಗ ವಾಚಾಳಿ, ಬಾಯಿ ಮುಚ್ಚಿಸುವುದೇ ಕಷ್ಟ. ಅವನಿಗೂ ನಿಮ್ಮಲ್ಲಿ ಒಂದೇ ಒಂದು ಮಾತಿಲ್ಲ.

ನಮಗೇನು, ನಕ್ಕು ಬಿಡುತ್ತಿದ್ದೆವು. ನಾವು ಮುದುಕಿಯರು, ನಮ್ಮ ಚರ್ಮ ದಪ್ಪ. ಪ್ರಸಾರವಾದ ಮಾರನೆಯ ದಿನ ಊರವರೆಲ್ಲ ಬಂದು, "ಏನ್ರೀ ಹುಲಿ ಅತ್ತೆ, ಇವತ್ತು ಯಾರನ್ನ ತಿಂತೀರಿ?" ಎಂದು ಚುಡಾಯಿಸಿ ಹೋದರು. ಆದರೆ ನಮ್ಮ ಮನೆಯಲ್ಲಿ ಒಂದು ಮಗುವಿದೆ ಎಂಬುದನ್ನು ನಾವೂ ಮರೆತೆವು, ನೀವಂತೂ ಯೋಚಿಸಲೇ ಇಲ್ಲ. ಮೊಮ್ಮಗಳು ಯೇರಾ ಈ ವಸಂತದಲ್ಲಿ ಪಟ್ಟಣದ ಮಾಧ್ಯಮಿಕ ಶಾಲೆಗೆ ಸೇರಿದಳು. ಅಲ್ಲಿ ಅವಳ ತಾಯಿಯನ್ನು ಕಂಡವರಿಲ್ಲ, ಟಿವಿಯಲ್ಲಿ ಕಂಡವರು ಮಾತ್ರ ಇದ್ದಾರೆ. ತರಗತಿಗೆ ಹೋದರೆ ಹಿಂದಿನ ಬೆಂಚಿನಿಂದ ಕೀರಲು ದನಿ, 'ಅತ್ತೆ... ತಪ್ಪು ಮಾಡಿದೆ... ಕ್ಷಮಿಸಿ.' ಅದು ಅವಳ ತಾಯಿಯ ದನಿಯೇ ಅಲ್ಲ! ಯಾರದೋ ದನಿಯಿಂದ ನನ್ನ ಮೊಮ್ಮಗಳನ್ನು ಹಂಗಿಸುತ್ತಾರೆ. ಮೊದಮೊದಲು ಮಗು ಜಗಳವಾಡಿದಳು. ಆಮೇಲೆ ತಾಯಿಗೆ, "ನೀನು ಶಾಲೆ ಕಡೆ ಬರ್ಬೇಡ, ಅಜ್ಜಿನ ಕಳ್ಸು" ಎಂದಳು. ಮನೆಯಲ್ಲಿ ತಾಯಿ ಮಗಳು ಆಡಿಕೊಳ್ಳುತ್ತಿದ್ದ ವಿಯೆಟ್ನಾಮೀ ನಿಂತಿತು. ಒಂದು ಬೆಳಿಗ್ಗೆ, "ಮೈಕಲ್ಲಿ ಮಾತಾಡ್ಬೇಡಮ್ಮ, ಬಸ್ಸಲ್ಲಿರೋರಿಗೂ ಕೇಳ್ಸುತ್ತೆ" ಎಂದಳು. ಅಂದಿನಿಂದ ಊರ ಮೈಕು ಮೌನವಾಗಿದೆ. ಸೂಚನೆಗಳನ್ನು ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತಾಳೆ ನಮ್ಮ ಮುಖ್ಯಸ್ಥೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಅಂಗಳದಲ್ಲಿ ಒಣಗಿದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಇಬ್ಬರೂ ಕೂತಿದ್ದೆವು. ನನಗೆ ಫೋನ್ ಬಂತು. ಕಿವಿ ಮಂದವಾದ್ದರಿಂದ ನಾನು ಯಾವಾಗಲೂ ಸ್ಪೀಕರಿನಲ್ಲೇ ಹಾಕಿ ಮಾತಾಡುವವಳು. ಯೇರಾಳ ತರಗತಿಯ ಟೀಚರು. ತುಂಬ ಮೃದುವಾದ ಹೆಣ್ಣುಮಗಳು. "ಅಜ್ಜೀ, ತಾಯಿ ಇಲ್ಲದ ಮಗುನ ಎಷ್ಟು ಚೆನ್ನಾಗಿ ನೋಡ್ಕೊಳ್ತಿದೀರಿ. ಹಬ್ಬ ಹತ್ರ ಬಂತಲ್ಲ, ಅಮ್ಮನ್ನ ನೆನೆಸ್ಕೊಂಡು ಮಗು ಮಂಕಾಗಿದಾಳೆ ಅನ್ಸುತ್ತೆ. ಶನಿವಾರ ಒಂದ್ಸಲ ಮನೆಗೆ ಬಂದು ನಿಮ್ಮನ್ನ ನೋಡ್ಕೊಂಡು ಹೋಗ್ತೀನಿ" ಎಂದಳು. 'ಇಲ್ಲಮ್ಮ, ಅವಳ ತಾಯಿ ಇಲ್ಲೇ ನನ್ನ ಎದುರಿಗೇ ಕೂತಿದ್ದಾಳೆ' ಎಂದು ಹೇಳಬೇಕಿತ್ತು. ಹೇಳಿದರೆ ಮಗು ಇಡೀ ಶಾಲೆಯ ಮುಂದೆ ಸುಳ್ಳಿ. ಹೇಳದಿದ್ದರೆ ಸೊಸೆ ಹೆಣ. ನಾನು "ಹೂಂ" ಎಂದೆ. ಥೋವಾಳ ಕೈ ನಿಲ್ಲಲಿಲ್ಲ, ಮೆಣಸಿನಕಾಯಿ ಬಿಡಿಸುತ್ತಲೇ ಇತ್ತು.

ಸಂಜೆ ಮಗು ಬಂದಾಗ ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದೆ. "ಹೆತ್ತ ತಾಯಿನ ಸಾಯ್ಸಿದ್ಯೇನೇ, ನಿನ್ ನಾಲ್ಗೆ ಬಿದ್ದೋಗಾ!" ಎಂದು ಕೈಯೆತ್ತಿದೆ. ಅವಳು ತಪ್ಪಿಸಿಕೊಳ್ಳಲಿಲ್ಲ. ಹೊಡೆಯಲಿ ಎಂದು ನಿಂತೇ ಇದ್ದಳು. ಆಮೇಲೆ ಹೇಳಿದಳು, "ಟಿವಿಲಿ ಬಂದ್ಮೇಲೆ ಅಮ್ಮ ಸತ್ತೋದ್ರು ಅಂದ್ಬಿಟ್ಟೆ. ಸತ್ತೋಗಿದಾರೆ ಅಂದ್ರೆ ಯಾರೂ ಆಡ್ಕೊಳಲ್ಲ ಅಜ್ಜಿ. ಸತ್ತೋರ್ ಥರ ಮಾತಾಡಿ ತೋರ್ಸಿ ಯಾರೂ ನಗಲ್ಲ." ಎತ್ತಿದ ಕೈ ಹಾಗೇ ಇಳಿಯಿತು. ತಾಯಿಯನ್ನು ಕಾಪಾಡಲು ಆ ಮಗುವಿಗೆ ಬೇರೆ ದಾರಿಯೇ ಸಿಕ್ಕಲಿಲ್ಲ, ಮಾನ್ಯರೇ. ನಿಮ್ಮ ಸಂಚಿಕೆಗೆ ಸಿಕ್ಕ ಪ್ರಶಸ್ತಿಗಳ ಪಕ್ಕದಲ್ಲಿ ಇದನ್ನೂ ಒಂದು ಚೌಕಟ್ಟು ಹಾಕಿಸಿ ಇಡಿ.

ಇವತ್ತು ಬೆಳಿಗ್ಗೆ ಗಂಜಿ ಬಡಿಸುತ್ತ ಥೋವಾ ಹೇಳಿದಳು, "ಅತ್ತೆಮ್ಮಾ, ಶನಿವಾರ ಟೀಚರ್ ಬರೋ ಹೊತ್ತಿಗೆ ನಾನು ಹೊಲದ ಕಡೆ ಹೋಗ್ಬಿಡ್ತೀನಿ. ನನ್ನ ಚಪ್ಲಿ, ಬಟ್ಟೆ ಎಲ್ಲಾ ಎತ್ತಿಡ್ತೀನಿ. ಸಿಹಿಗೆಣಸು ಬೇಯ್ಸಿಟ್ಟಿರ್ತೀನಿ, ನೀವೇ ಮಾಡಿದ್ದು ಅನ್ನಿ." ಹುಚ್ಚಿ, ನಿನ್ನ ಮನೆಯಲ್ಲಿ ನೀನ್ಯಾಕೆ ಬಚ್ಚಿಟ್ಟುಕೊಳ್ಳಬೇಕು ಎಂದು ರೇಗಿದೆ. ಅವಳು ಗೋಡೆಯ ಕಡೆ ನೋಡಿ, ತುಂಬ ಹೊತ್ತು ಯೋಚಿಸಿ ಇಟ್ಟ ಮಾತಿನ ಹಾಗೆ, "ಮದುವೆ ಫೋಟೋ ಮಾತ್ರ ತೆಗೀಬೇಡಿ. ಸತ್ತೋರ ಫೋಟೋ ಗೋಡೆ ಮೇಲೆ ಇರುತ್ತಲ್ಲ, ಅನುಮಾನ ಬರಲ್ಲ" ಎಂದಳು.

ಮಾನ್ಯರೇ, ಇದು ಅಚ್ಚಾಗುವುದು ಶನಿವಾರ ಕಳೆದ ಮೇಲೆ, ನಿಮಗೆ ಮಾತ್ರ ಪ್ರತಿಯನ್ನು ಇವತ್ತೇ ಕಳಿಸುತ್ತಿದ್ದೇನೆ; ಮಗುವಿನ ಸುಳ್ಳು ಬಯಲಾದರೂ, ಯಾಕೆ ಹೇಳಿದಳೆಂದು ಓದಿದವರಿಗೆ ತಿಳಿಯಲಿ. ಇನ್ನು ನನ್ನ ಹತ್ತಿರ ವ್ಯಂಗ್ಯವೂ ಉಳಿದಿಲ್ಲ. ಹಬ್ಬದ ಮರುಪ್ರಸಾರ ನಿಲ್ಲಿಸಿ. ಇಂಟರ್ನೆಟ್ಟಿನಲ್ಲಿರುವ ತುಣುಕುಗಳನ್ನು ತೆಗೆಸಿ. ನೀವು ಕತ್ತರಿಸಿ ಬಿಸಾಡಿದ ಬೆಳಗಿನ ಮೈಕಿನ ಚಿತ್ರ ಎಲ್ಲೋ ಇರಬೇಕು, ಅದನ್ನು ಅದೇ ಹೊತ್ತಿನಲ್ಲಿ ಅವಳ ಸ್ವಂತ ದನಿಯಲ್ಲಿ ತೋರಿಸಿ. ಇದಾವುದೂ ನಿಮ್ಮಿಂದಾಗದಿದ್ದರೆ ಶನಿವಾರ ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ನಮ್ಮ ಮನೆಗೆ ಬನ್ನಿ. ಕ್ಯಾಮೆರಾ ಬೇಡ. ನನ್ನ ಪಕ್ಕ ನೆಲದ ಮೇಲೆ ಕೂತು ಆ ಟೀಚರಿಗೆ ನೀವೇ ಹೇಳಿ: ಈ ಹುಡುಗಿ ಸುಳ್ಳಿಯಲ್ಲ, ಇವಳ ತಾಯಿ ಹೊಲದಲ್ಲಿ ಅವಿತು ಕೂತಿದ್ದಾಳೆ, ಅಲ್ಲಿಗೆ ಅಟ್ಟಿದವರು ನಾವು. ಆಮೇಲೆ ಹೊಲಕ್ಕೆ ಹೋಗಿ ಅವಳನ್ನು ಕರೆದುಕೊಂಡು ಬನ್ನಿ. ನಾನು ಕರೆದರೆ ಅವಳು ಬರುವುದಿಲ್ಲ.

ಇಂತಿ,
ಬದುಕಿರುವ ಸೊಸೆಯ ಅತ್ತೆ,
ಶನಿವಾರ ಏನು ಹೇಳಲೆಂದು ತಿಳಿಯದೆ ಕೂತಿರುವ
ಮಾ ಪನ್‌ಸುನ್