ಕೆರೆಯದೆ ಬಿಟ್ಟ ಬೂದು ಪದರ

ಮಾರ್ಚ್ ೧೪, ಗುರುವಾರ

ತಂಗೀ, ಮಂಡಿನೋವು ಹೇಗಿದೆಯೇ? ಈ ದಿನಚರಿ ಪುಸ್ತಕ ನೀನು ಓದಲ್ಲ, ಆದರೂ ಕೇಳ್ತೀನಿ.

ಇವತ್ತು ಕಾರ್ಖಾನೆಯಲ್ಲಿ ಬಿಸಿನೀರಿನ ಉಕ್ಕಿನ ಪೈಪು ಬಿಚ್ಚಿದೆವು. ಒಳಗೆಲ್ಲ ಬೂದು ಪದರ. “ಆಸಿಡ್ ಹಾಕಿ ತೊಳೀರಿ” ಅಂದರು ದೊಡ್ಡ ಇಂಜಿನಿಯರ್. ಹೊಸದಾಗಿ ಕೆಲಸಕ್ಕೆ ಸೇರಿದ ನಿನ್ನ ಮಗಳು ಅಡ್ಡ ನಿಂತಳು.

“ಮಾವ, ಆ ಆಸಿಡ್ ಡ್ರಮ್ ಮುಟ್ಟಬೇಡಿ! ಸವೆದ ಕಬ್ಬಿಣವೇ ನೀರಲ್ಲಿ ಬೆರೆತು, ಮತ್ತೆ ಗೋಡೆಗೆ ಗಟ್ಟಿಯಾಗಿ ಕೂತಿದೆ. ಉಕ್ಕಿಗೆ ಅದೇ ಕಾವಲು.”

“ಪೈಪಿಗೆ ತೂತು ಬಿದ್ದರೆ?” ಅಂದರು ಸಾಹೇಬರು.

“ಪೈಪಿನ ದಪ್ಪ ಅಳೀರಿ ಸಾರ್. ನಾನು ಹೇಳಿದ್ದು ತಪ್ಪಾದರೆ ನನ್ನ ಕೆಲಸ ತೆಗೀರಿ.”

ನಾನೇ ಅಳೆದೆ. ಹೋದ ವರ್ಷ ನಾನು ಫಳಫಳ ಅನ್ನೋ ಹಾಗೆ ಉಜ್ಜಿದ್ದ ತುಂಡು ಅರ್ಧ ಸವೆದಿತ್ತು. ಪದರ ಕೆರೆಯದೆ ಬಿಟ್ಟಿದ್ದ ತುಂಡು ಮಾತ್ರ ಮೊದಲಿನಷ್ಟೇ ದಪ್ಪ ಇತ್ತು. ಸಾಹೇಬರು ಆಸಿಡ್ ಡ್ರಮ್ ವಾಪಸ್ ಕಳಿಸಿದರು.

ಮೂವತ್ತು ವರ್ಷ ಇಂಥ ಪದರ ಕೆರೆದವನಿಗೆ ನಾಚಿಕೆ ಆಗಬೇಕಿತ್ತು, ಎದೆ ಉಬ್ಬಿತು ನೋಡು. “ನನ್ನ ತಂಗಿ ಮಗಳು” ಅಂತ ಕೇಳದವರಿಗೂ ಹೇಳಿದೆ. ಅವಳನ್ನ ಹೊಗಳಿ ಬೇಗ ಎರಡು ಸಾಲು ಬರಿ ಅಂತ ನಾಳೆ ನಿನಗೆ ಕಾಗದ ಹಾಕಬೇಕು. ಎದುರಿಗೆ ಹೊಗಳೋಕೆ ನನಗೆ ಬರಲ್ಲ.